ಒಬ್ಬ ಗುರು, ಎರಡು ದಾರಿ: ಮಿರಜಿನಿಂದ ಹೊರಟ ಸಂಗೀತ ಶಿಕ್ಷಣವನ್ನು ನಡೆಸಿದವರು

 

ಜತ್ತ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಸಂಗೀತ ಕಲಿತ ಮಕ್ಕಳನ್ನು ಕೇಳಿನೋಡಿ. ಎಷ್ಟು ಕಲಿತಿದ್ದೀ ಅಂದ್ರೆ ರಾಗದ ಹೆಸರು ಹೇಳುವುದಕ್ಕಿಂತ ಮೊದಲು ಪರೀಕ್ಷೆಯ ಹೆಸರು ಹೇಳ್ತಾರೆ. ಪ್ರಾರಂಭಿಕ ಆಗಿದೆ, ಪ್ರವೇಶಿಕಾ ಪೂರ್ಣ ಆಗಿದೆ, ಮಧ್ಯಮಾಕ್ಕೆ ಕೂತಿದ್ದೇನೆ. ಮುಂದೆ ವಿಶಾರದ, ಅದರ ಮೇಲೆ ಅಲಂಕಾರ. ಗಡಿಯ ಈಚೆ ವಿಜಯಪುರ, ಬೆಳಗಾವಿಗಳಲ್ಲೂ ಇದೇ ಮಾತು. ಈ ಪರೀಕ್ಷೆಗಳನ್ನು ನಡೆಸುವ ಸಂಸ್ಥೆ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲ. 1931ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ್ದು. ಅದನ್ನು ಹುಟ್ಟುಹಾಕಿ ಬೆಳೆಸಿದವರು ಸಂಬಳಕ್ಕಾಗಿ ದುಡಿದವರಲ್ಲ. ಹಾಗಾದರೆ ಅವರು ಯಾರು, ಎಂಥ ಮನೆಗಳಿಂದ ಬಂದವರು, ಹೊಟ್ಟೆಪಾಡಿಗೆ ಏನು ಮಾಡ್ತಿದ್ದರು? ಘರಾಣೆಯ ಚರಿತ್ರೆಗಳಲ್ಲಿ ಈ ಪ್ರಶ್ನೆ ಹೆಚ್ಚಾಗಿ ಬರುವುದಿಲ್ಲ. ಗುರುಪರಂಪರೆಯ ಪಟ್ಟಿ ಕೊಟ್ಟು ಮುಗಿಸ್ತಾರೆ. ಇವತ್ತು ನಾನು ಈ ಪ್ರಶ್ನೆಯನ್ನೇ ಹಿಡಿದುಕೊಂಡು ಹೊರಟಿದ್ದೇನೆ, ಯಾಕಂದ್ರೆ ಗಡಿನಾಡ ಕನ್ನಡಿಗರ ಪಾಲು ಎಲ್ಲಿ ಕಳೆದುಹೋಯಿತು ಅನ್ನುವುದು ಇದರೊಳಗೇ ಇದೆ.

ಮೊದಲು ಊರಿನ ಮಾತು. ಮಿರಜ್ ಇವತ್ತು ಸಾಂಗಲಿ ಜಿಲ್ಲೆಯಲ್ಲಿದೆ, ಜತ್ತ ತಾಲ್ಲೂಕು ಇರುವುದೂ ಅದೇ ಜಿಲ್ಲೆಯಲ್ಲಿ. ಆಗ ಅದು ಪಟವರ್ಧನರ ಸಂಸ್ಥಾನ. ನಮ್ಮ ಈಗಿನ ನಕ್ಷೆಯ ಕಣ್ಣಿನಿಂದ ನೋಡಿದರೆ ಈ ಸಂಸ್ಥಾನಗಳು ತಲೆಕೆಡಿಸ್ತಾವೆ. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ, ತೇರದಾಳ ಸಾಂಗಲಿಯವರದು. ಜಮಖಂಡಿಯಲ್ಲೂ ಪಟವರ್ಧನರೇ. ಅಂದ್ರೆ ಅರಮನೆಯ ಮಾತು ಮರಾಠಿ, ಹೊಲದಲ್ಲಿ ಮತ್ತು ಮಠದಲ್ಲಿ ಬಹಳ ಕಡೆ ಕನ್ನಡ. ಗಡಿ ಅನ್ನುವುದು ಗೆರೆಯಾಗಿರಲಿಲ್ಲ, ಒಂದೇ ಓಣಿಯ ಎರಡು ಬದಿಯಾಗಿತ್ತು. ಇದು ನೆನಪಿನಲ್ಲಿರಲಿ, ಮುಂದೆ ಬೇಕಾಗ್ತದೆ.

ಈ ಮಿರಜಿನ ಆಶ್ರಯದಲ್ಲಿದ್ದವರು ಬಾಳಕೃಷ್ಣಬುವಾ ಇಚಲಕರಂಜಿಕರ (1849-1926). ಗ್ವಾಲಿಯರಿನ ಗಾಯಕಿಯನ್ನು ಕಷ್ಟಪಟ್ಟು ಕಲಿತು ಕೃಷ್ಣಾ ತೀರಕ್ಕೆ ತಂದವರು. ಅವರ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರ. ಹುಟ್ಟಿದ್ದು 1872ರಲ್ಲಿ ಕುರುಂದವಾಡದಲ್ಲಿ, ತಂದೆ ಕೀರ್ತನಕಾರರು. ಹುಡುಗನಿದ್ದಾಗ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಓದು ಮುಂದುವರಿಯುವಂತಿರಲಿಲ್ಲ, ಔಷಧೋಪಚಾರಕ್ಕೆ ಮಿರಜಿಗೆ ಬಂದವನು ಅಲ್ಲೇ ಹಾಡು ಕಲಿಯಲು ಕೂತ. ಅವರ ಜೀವನಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಸಂಗ ಇದೆ. ಊರಿನ ಒಂದು ಸಮಾರಂಭಕ್ಕೆ ಇವರಿಗೆ ಕರೆ ಬಂತು, ಗುರುಗಳಿಗೆ ಬರಲಿಲ್ಲ. ಯಾಕೆ ಅಂತ ಕೇಳಿದರೆ, ಅವರು ಬರೀ ಹಾಡುವವರಲ್ಲವೇ ಅನ್ನುವ ಅರ್ಥದ ಉತ್ತರ. ದರಬಾರಿನಲ್ಲಿ ಹಾಡಿಸಿಕೊಳ್ಳಲು ಬೇಕು, ಪಂಕ್ತಿಯಲ್ಲಿ ಕೂರಿಸಲು ಬೇಡ. 1896ರಲ್ಲಿ ಅವರು ಮಿರಜ್ ಬಿಟ್ಟರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜನ ಹಂಗಿಲ್ಲದೆ, ಜನರ ದೇಣಿಗೆ ಮತ್ತು ಕಛೇರಿಯ ಟಿಕೆಟ್ಟಿನ ದುಡ್ಡಿನಿಂದ ನಡೆಯುವ ಶಾಲೆ. ಶುಲ್ಕ ಕೊಡಲಾಗದ ಹುಡುಗರು ಹಲವು ವರ್ಷ ಅಲ್ಲೇ ಇದ್ದು ಕಲಿಯುವ, ಆಮೇಲೆ ಕಲಿಸುವ ಕರಾರಿನ ಮೇಲೆ ಉಪದೇಶಕ ವರ್ಗಕ್ಕೆ ಸೇರ್ತಿದ್ದರು. ಮಂಡಲದ ಮುಂದಿನ ಮುಂದಾಳುಗಳಲ್ಲಿ ಹೆಚ್ಚಿನವರು ಈ ಶಿಸ್ತಿನಲ್ಲಿ ಬೆಳೆದವರು.

1908ರಲ್ಲಿ ಮುಂಬಯಿಗೆ ಬಂದಮೇಲೆ ಪಲುಸ್ಕರರು ಸಾಲ ಮಾಡಿ ದೊಡ್ಡ ಕಟ್ಟಡ ಕಟ್ಟಿಸಿದರು. 1920ರ ದಶಕದಲ್ಲಿ ಆ ಕಟ್ಟಡ ಸಾಲಕ್ಕೆ ಹರಾಜಾಯಿತು. ಅವರು ನಾಸಿಕದಲ್ಲಿ ರಾಮನಾಮದ ಆಶ್ರಮ ಮಾಡಿಕೊಂಡು ಉಳಿದರು. 1931ರ ಆಗಸ್ಟ್ 21ರಂದು ತೀರಿಕೊಂಡದ್ದು ಮತ್ತೆ ಮಿರಜಿನಲ್ಲಿಯೇ. ಶಿಷ್ಯರ ಕೈಗೆ ಬಂದದ್ದು ಕಟ್ಟಡವಲ್ಲ, ಠೇವಣಿಯಲ್ಲ, ಒಂದು ಪಾಠಕ್ರಮ ಮತ್ತು ಊರೂರಿನಲ್ಲಿ ಚದುರಿದ ಗುರುಬಂಧುಗಳು, ಅಷ್ಟೆ. ಅದೇ ವರ್ಷ ಅವರೆಲ್ಲ ಕೂಡಿ ಮಂಡಲ ಕಟ್ಟಿದರು. ಒಬ್ಬನ ಸಂಸ್ಥೆ ಮುಳುಗಿದ್ದನ್ನು ಕಣ್ಣಾರೆ ಕಂಡವರು ಇವರು. ಹಾಗಾಗಿ ಒಬ್ಬ ಒಡೆಯನಿಲ್ಲದ, ಕಟ್ಟಡದ ಮೇಲೆ ನಿಲ್ಲದ, ಪರೀಕ್ಷೆಯ ಮೇಲೆ ನಿಲ್ಲುವ ಸಂಸ್ಥೆ ಹುಟ್ಟಿತು ಅಂತ ನಾನು ಓದ್ತೇನೆ.

ಈಗ ಆ ಜನ. ವಿನಾಯಕರಾವ್ ಪಟವರ್ಧನ ಮಿರಜಿನವರು, 1898ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಲಾಹೋರಿಗೆ ಹೋಗಿ ಕಲಿತು, 1922ರಿಂದ ಹತ್ತು ವರ್ಷ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ನಾಯಕನ ಪಾತ್ರ ಮಾಡಿದರು. ಬಾಲಗಂಧರ್ವರ ಎದುರು ನಾಯಕ ಅಂದ್ರೆ ಆ ಕಾಲಕ್ಕೆ ಸಣ್ಣ ಮಾತಲ್ಲ, ಹೆಸರೂ ಇತ್ತು, ಹಣವೂ ಇತ್ತು. ಗುರು ತೀರಿಕೊಂಡ ಮರುವರ್ಷವೇ ಅದನ್ನು ಬಿಟ್ಟು 1932ರಲ್ಲಿ ಪುಣೆಯಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು, ಪಾಠಕ್ರಮಕ್ಕಾಗಿ ರಾಗವಿಜ್ಞಾನದ ಸಂಪುಟಗಳನ್ನು ಬರೆದರು. ನಾರಾಯಣ ಮೋರೇಶ್ವರ ಖರೆ ಬೇರೆಯೇ ಜಾಡು. ಗುರುವೇ ಅವರನ್ನು ಗಾಂಧೀಜಿಯ ಸಾಬರಮತಿಗೆ ಕಳಿಸಿಕೊಟ್ಟರು. ಆಶ್ರಮ ಭಜನಾವಳಿಯನ್ನು ಕೂಡಿಸಿದವರು ಅವರು, 1930ರ ದಂಡಿ ಯಾತ್ರೆಯಲ್ಲಿ ನಡೆದವರು. ಮಂಡಲ ಅಹಮದಾಬಾದಿನಲ್ಲಿ ಹುಟ್ಟಿದ್ದಕ್ಕೆ ಅವರು ಅಲ್ಲಿದ್ದದ್ದೇ ಕಾರಣ ಅಂತ ಹೇಳಬಹುದು. ಓಂಕಾರನಾಥ ಠಾಕೂರ್ ಗುಜರಾತಿನ ಬಡ ಮನೆಯ ಹುಡುಗ, ಗಿರಣಿಯಲ್ಲಿ ದುಡಿದವರು, ಒಬ್ಬ ಪಾರ್ಸಿ ದಾನಿಯ ನೆರವಿನಿಂದ ಪಲುಸ್ಕರರ ಹತ್ತಿರ ಬಂದವರು. ಕೊಲ್ಲಾಪುರದ ವ್ಯಾಸ ಸೋದರರಲ್ಲಿ ನಾರಾಯಣರಾವ್ ಗ್ರಾಮಫೋನಿನಿಂದ ಮನೆಮಾತಾದವರು, ಶಂಕರರಾವ್ 1943ರ ರಾಮರಾಜ್ಯ ಸಿನಿಮಾಕ್ಕೆ ಸಂಗೀತ ಕೊಟ್ಟವರು. ಬಿ. ಆರ್. ದೇವಧರ ಮತ್ತೆ ಮಿರಜಿನವರೇ, 1901ರಲ್ಲಿ ಹುಟ್ಟಿದವರು. ಪದವೀಧರರು, ಪಾಶ್ಚಾತ್ಯ ಸಂಗೀತವನ್ನೂ ಕಲಿತವರು. 1925ರಲ್ಲಿ ಮುಂಬಯಿಯಲ್ಲಿ ಸ್ವಂತ ಶಾಲೆ ತೆರೆದರು, 1947ರಲ್ಲಿ ಮಂಡಲದ ಮಾಸಿಕ ಸಂಗೀತ ಕಲಾ ವಿಹಾರ ಶುರುವಾದಾಗ ಅದರ ಸಂಪಾದಕರಾದರು.

ನೋಡ್ರಿ, ಇವರೆಲ್ಲರಿಗೂ ಒಂದು ಸಾಮ್ಯ ಇದೆ. ಎಲ್ಲರ ಅನ್ನವೂ ಬೇರೆ ಕಡೆಯಿಂದ ಬರ್ತಿತ್ತು. ಒಬ್ಬರಿಗೆ ರಂಗಭೂಮಿ, ಒಬ್ಬರಿಗೆ ಆಶ್ರಮ, ಒಬ್ಬರಿಗೆ ರೆಕಾರ್ಡು, ಸಿನಿಮಾ, ಕಛೇರಿ, ಸ್ವಂತ ಶಾಲೆ. ಮಂಡಲಕ್ಕೆ ಕೊಟ್ಟದ್ದು ಉಳಿದ ವೇಳೆ ಮತ್ತು ಗಳಿಸಿದ ಹೆಸರು. ಸ್ವಯಂಸೇವೆಯನ್ನು ತ್ಯಾಗ ಅಂತ ಹೊಗಳಿ ಬಿಟ್ಟುಬಿಟ್ಟರೆ ಅದರ ಲೆಕ್ಕಾಚಾರ ಕಾಣುವುದಿಲ್ಲ. ಯಾರಿಗೆ ಬೇರೆ ಗಳಿಕೆ ಸಾಧ್ಯವೋ ಅವರೇ ಪದಾಧಿಕಾರಿಗಳಾಗಬಲ್ಲರು. ಇನ್ನೊಂದು ಸಾಮ್ಯವನ್ನೂ ಹೇಳಲೇಬೇಕು, ಮುಜುಗರ ಆದರೂ. ನಾನು ಹೆಸರಿಸಿದ ಇಷ್ಟೂ ಜನ ಬ್ರಾಹ್ಮಣ ಗಂಡಸರು. ಜಾನಕಿ ಬಖಲೆ ಅವರು 2005ರ ತಮ್ಮ ಪುಸ್ತಕದಲ್ಲಿ ಪಲುಸ್ಕರರ ಸಂಸ್ಥೆಯ ಈ ಧಾರ್ಮಿಕ, ಜಾತೀಯ ಚಹರೆಯನ್ನು ವಿವರವಾಗಿಯೇ ಚರ್ಚಿಸಿದ್ದಾರೆ. ಉಸ್ತಾದರ ಮನೆಗಳಿಂದ ಬಂದ ವಿದ್ಯೆ ಭಜನೆಯ ಮಡಿ ಉಟ್ಟುಕೊಂಡಿತು ಅನ್ನುವುದನ್ನು ತಳ್ಳಿಹಾಕಲು ಆಗುವುದಿಲ್ಲ. ಅದೇ ಮಿರಜಿನಲ್ಲಿ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು, 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಅನ್ನುವ ಶಾಲೆಯನ್ನೂ ತೆರೆದಿದ್ದರು. ಅದರ ಹೆಸರೇ ಆ ಕಾಲದ ಒತ್ತಡವನ್ನು ಹೇಳ್ತದೆ.

ಈಗ ನಮ್ಮ ವಿಷಯದ ಗಂಟಿಗೆ ಬರ್ತೇನೆ. ಬಾಳಕೃಷ್ಣಬುವಾ ಅವರಿಗೆ ಇನ್ನೊಬ್ಬ ಶಿಷ್ಯರಿದ್ದರು, ನೀಲಕಂಠಬುವಾ. ಮರಾಠಿ ಬರಹಗಳಲ್ಲಿ ಅವರು ನೀಲಕಂಠಬುವಾ ಜಂಗಮ, ಮಿರಜಕರ. ಕನ್ನಡದಲ್ಲಿ ನೀಲಕಂಠಬುವಾ ಆಲೂರಮಠ. ಒಬ್ಬರೇ ಮನುಷ್ಯ. ಆಲೂರಮಠ ಅನ್ನುವ ಅಡ್ಡಹೆಸರು ಯಾವ ಮಾತಿನದು ಅಂತ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಿರಜಿನಲ್ಲಿ ನೆಲೆನಿಂತ ವೀರಶೈವ ಜಂಗಮರು. ಪಲುಸ್ಕರರ ಗುರುಬಂಧು. ಆದರೆ ಅವರು ಸಂಸ್ಥೆ ಕಟ್ಟಲಿಲ್ಲ, ಪರೀಕ್ಷೆ ನಡೆಸಲಿಲ್ಲ, ಹಾಗಾಗಿ ಸಂಸ್ಥೆಗಳ ಚರಿತ್ರೆಯಲ್ಲಿ ಅವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಅವರ ಹತ್ತಿರ ಕಲಿತವರು ಯಾರು ನೋಡಿ. ಧಾರವಾಡದ ಹತ್ತಿರದ ಮನಸೂರಿನ ಹುಡುಗ ಮಲ್ಲಿಕಾರ್ಜುನ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ. ಆ ಧ್ವನಿ ಕೇಳಿ ನೀಲಕಂಠಬುವಾ ಅವನನ್ನು ಮಿರಜಿಗೆ ಕರೆದೊಯ್ದರು. ಜಯಪುರ ಅತ್ರೌಳಿಗೆ ಹೋಗುವ ಮೊದಲು ಮನಸೂರರ ಅಡಿಪಾಯ ಬಿದ್ದದ್ದು ಅಲ್ಲಿ. ತಮ್ಮ ಆತ್ಮಕಥೆ ‘ನನ್ನ ರಸಯಾತ್ರೆ’ಯಲ್ಲಿ ಅವರೇ ಆ ದಿನಗಳನ್ನು ಬರೆದಿದ್ದಾರೆ. ಹಾನಗಲ್ಲ ಕುಮಾರ ಶಿವಯೋಗಿಗಳು ಅಂಧ ಹುಡುಗ ಗದಿಗೆಯ್ಯನಿಗೆ ಹಿಂದೂಸ್ತಾನಿ ಕಲಿಸಬೇಕು ಅಂದುಕೊಂಡಾಗ ಶಿವಯೋಗಮಂದಿರಕ್ಕೆ ಕರೆಸಿದ್ದು ಇದೇ ನೀಲಕಂಠಬುವಾ ಅವರನ್ನು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳು (1892-1944), ಗದುಗಿನ ವೀರೇಶ್ವರ ಪುಣ್ಯಾಶ್ರಮದ ಬೆನ್ನೆಲುಬು. ಮೂರನೆಯ ಹೆಸರು ನನ್ನನ್ನೇ ಹಿಡಿದು ನಿಲ್ಲಿಸಿತು. ಮಂಡಲದ ಮಾಸಿಕದ ಸಂಪಾದಕರು ಅಂದೆನಲ್ಲ, ಆ ದೇವಧರರು ಚಿಕ್ಕವರಿದ್ದಾಗ ಮಿರಜಿನಲ್ಲಿ ಪಾಠ ಹೇಳಿಸಿಕೊಂಡ ಗುರುಗಳಲ್ಲಿ ನೀಲಕಂಠಬುವಾ ಕೂಡ ಒಬ್ಬರು. ಅದೇ ದೇವಧರರ ಮುಂಬಯಿ ಶಾಲೆಗೆ 1930ರ ದಶಕದಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರಯ್ಯ ಕೊಂಕಾಳಿಮಠ ಸೇರಿಕೊಂಡ. ಲೋಕಕ್ಕೆ ಅವನು ಕುಮಾರ ಗಂಧರ್ವ. ಮಿರಜಿನ ಕನ್ನಡ ಜಂಗಮರಿಂದ ಮರಾಠಿ ಹುಡುಗನಿಗೆ, ಆ ಹುಡುಗ ಬೆಳೆದು ಮಾಸ್ತರನಾದಮೇಲೆ ಅವನಿಂದ ಮತ್ತೊಬ್ಬ ಕನ್ನಡದ ಹುಡುಗನಿಗೆ. ಇದನ್ನು ಮರಾಠಿಯ ಕೊಡುಗೆ ಅನ್ನೋಣವೇ, ಕನ್ನಡದ್ದು ಅನ್ನೋಣವೇ? ಆ ಜಗಳ ಅರ್ಥವಿಲ್ಲದ್ದು ಅನ್ನಿಸ್ತದೆ ನನಗೆ. ಆದರೆ ಎರಡೂ ಕಡೆಯವರು ಪಟ್ಟಿ ಮಾಡುವಾಗ ನಡುವಿನ ಮನುಷ್ಯನನ್ನೇ ಬಿಡುವುದು ಮಾತ್ರ ಸರಿಯಲ್ಲ.

ಒಬ್ಬ ಗುರುವಿನಿಂದ ಎರಡು ದಾರಿ ಒಡೆದದ್ದು ಹೀಗೆ. ಗದುಗಿನ ದಾರಿಯ ಮುಂದಾಳುಗಳ ಹಿನ್ನೆಲೆಯೇ ಬೇರೆ. ಪಂಚಾಕ್ಷರಿ ಗವಾಯಿಗಳಾಗಲಿ, ಅವರ ನಂತರ ಬಂದ ಪುಟ್ಟರಾಜ ಗವಾಯಿಗಳಾಗಲಿ (1914-2010) ಹಾನಗಲ್ಲ ಸೀಮೆಯ ಹಳ್ಳಿಗಳವರು, ಕಣ್ಣಿಲ್ಲದವರು. ಬೇರೆ ಗಳಿಕೆಯ ಮಾತೇ ಇಲ್ಲ. ಅವರ ಬಂಡವಾಳ ಜೋಳಿಗೆ, ನಾಟಕ ಕಂಪನಿ, ಆಮೇಲೆ ಭಕ್ತರು ಮಾಡಿದ ತುಲಾಭಾರಗಳು. ಮಂಡಲ ಕಲಿತವನಿಗೆ ಪ್ರಮಾಣಪತ್ರ ಕೊಟ್ಟಿತು. ಗದುಗಿನ ಆಶ್ರಮ ಮೊದಲು ಊಟ ಕೊಟ್ಟಿತು, ಆಮೇಲೆ ಪಾಠ. ಬಸವರಾಜ ರಾಜಗುರು, ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿ ಬಂದದ್ದು ಈ ಎರಡನೆಯ ಪಂಕ್ತಿಯಿಂದ. ಎರಡೂ ಕಡೆ ಸಂಬಳವಿಲ್ಲದ ಮುಂದಾಳುತನವೇ. ಆದರೆ ಒಂದು ಕಡೆ ಗಳಿಕೆ ಇದ್ದವರು ವೇಳೆ ಕೊಟ್ಟರು, ಇನ್ನೊಂದು ಕಡೆ ಏನೂ ಇಲ್ಲದವರು ಇಡೀ ಬದುಕನ್ನೇ ಇಟ್ಟರು. ಮೊದಲನೆಯದಕ್ಕೆ ಚುನಾವಣೆ, ಸಭೆ, ನಡಾವಳಿ ಇವೆ. ಎರಡನೆಯದಕ್ಕೆ ಪೀಠ ಇದೆ.

ಜತ್ತದ ನಮ್ಮ ಹಳ್ಳಿಗಳಲ್ಲಿ ಈ ಎರಡು ದಾರಿ ಮತ್ತೆ ಕೂಡಿಕೊಳ್ತವೆ. ನಾನು ಪೇಟಿ ಕಲಿತದ್ದು ಒಬ್ಬ ಕನ್ನಡ ಶಾಲೆಯ ಮಾಸ್ತರರ ಹತ್ತಿರ. ಹಗಲು ಶಾಲೆ, ಸಂಜೆ ಭಜನಾ ಗುಡಿಯಲ್ಲಿ ನಮಗೆ ಪಾಠ, ಶುಲ್ಕ ಅಂತ ಇರಲಿಲ್ಲ. ಅವರ ಗುರು ಗದುಗಿನಲ್ಲಿ ಕಲಿತವರು, ನಮ್ಮನ್ನು ಕೂರಿಸಿದ್ದು ಮಾತ್ರ ಮಂಡಲದ ಪರೀಕ್ಷೆಗೆ. ಪಾಠ ಕನ್ನಡದಲ್ಲಿ, ಓದುವ ಪುಸ್ತಕ ಮರಾಠಿಯಲ್ಲಿ, ಬಂದಿಶ್ ಬ್ರಜದಲ್ಲಿ. ಆರೋಹ ಅವರೋಹಕ್ಕೆ ಮೂರರಲ್ಲೂ ಅದೇ ಶಬ್ದ ಅನ್ನುವುದೇ ಸಮಾಧಾನ! ಇಂಥ ಮಾಸ್ತರರು ಸಮಿತಿಗಳಲ್ಲಿ ಇರುವುದಿಲ್ಲ, ಸ್ಮರಣಸಂಚಿಕೆಯ ಫೋಟೋದಲ್ಲೂ ಇರುವುದಿಲ್ಲ. ಆದರೆ ಅವರ ಸಂಜೆಗಳನ್ನು ತೆಗೆದುಬಿಟ್ಟರೆ ಪರೀಕ್ಷಾ ಕೇಂದ್ರದಲ್ಲಿ ಕೂರಲು ಮಕ್ಕಳೇ ಇರುವುದಿಲ್ಲ. ಸರಕಾರಿ ಪಗಾರ ಅವರ ಸ್ವಯಂಸೇವೆಯನ್ನು ಹೊತ್ತಿತ್ತು, ವಿನಾಯಕರಾವ್ ಅವರದನ್ನು ಮೊದಲು ರಂಗಭೂಮಿ ಹೊತ್ತ ಹಾಗೆ. ಕನ್ನಡ ಶಾಲೆಯ ಹುದ್ದೆ ಖಾಲಿ ಬಿದ್ದ ಊರಿನಲ್ಲಿ ಸಂಗೀತದ ಸಂಜೆಯೂ ನಿಲ್ಲುವುದನ್ನು ನಾನು ನೋಡಿದ್ದೇನೆ. ಭಾಷೆಯ ಪ್ರಶ್ನೆ ಬೇರೆ, ಸಂಗೀತದ ಪ್ರಶ್ನೆ ಬೇರೆ ಅಂತ ನಾವು ಗೋಷ್ಠಿಗಳಲ್ಲಿ ವಿಂಗಡಿಸ್ತೇವೆ, ಹಳ್ಳಿಯಲ್ಲಿ ಅವೆರಡೂ ಒಬ್ಬನೇ ಮಾಸ್ತರನ ಮೇಲೆ ನಿಂತಿರ್ತಾವೆ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಹೆಣ್ಣುಮಕ್ಕಳು ಎಲ್ಲಿ? ಸರಿಯಾದ ಪ್ರಶ್ನೆ. ಲಾಹೋರಿನಲ್ಲಿಯೇ ಪಲುಸ್ಕರರು ಹೆಂಗಸರಿಗೆ ಬೇರೆ ವರ್ಗ ನಡೆಸಿದ್ದರು, ಅಂದ್ರೆ ಕಲಿಯುವವರಾಗಿ ಅವರು ಮೊದಲಿನಿಂದಲೂ ಇದ್ದರು. ಮುಂದಾಳುಗಳ ಮೊದಲ ತಲೆಮಾರಿನಲ್ಲಿ ಇಲ್ಲ. ನಮ್ಮ ಕಡೆ ಇವತ್ತು ಮನೆಯ ಪಡಸಾಲೆಯಲ್ಲಿ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷೆಗೆ ತಯಾರು ಮಾಡುವವರಲ್ಲಿ ವಿಶಾರದ ಮುಗಿಸಿದ ಸೊಸೆಯಂದಿರನ್ನು ಬಹಳ ಕಂಡಿದ್ದೇನೆ. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಅವರ ಹಾಜರಿ ವಹಿಯನ್ನು ಕೇಳಿ ನೋಡಬೇಕು. ಯಾವ ಮಗು ಯಾವ ಮಾತಿನ ಮನೆಯದು, ಯಾವ ವರ್ಷ ಯಾವ ಪರೀಕ್ಷೆ ಅನ್ನುವುದೆಲ್ಲ ಅದರಲ್ಲಿ ಬರೆದಿರ್ತದೆ. ಹಳೆಯ ವಹಿಗಳು ಅಟ್ಟದ ಮೇಲೆ ಇರ್ತಾವೆ, ದೀಪಾವಳಿಗೆ ಮನೆ ಸುಣ್ಣ ಬಳಿಯುವ ಮೊದಲು ಹೋದರೆ ಒಳ್ಳೆಯದು.