ಉಗಿಬಂಡಿ ಕುಡಿದ ಕೆರೆಯ ನೀರು

ಮಾರತ್ತಹಳ್ಳಿಯವರು ರೈಲು ನೋಡಬೇಕಾದರೆ ಉತ್ತರಕ್ಕೆ, ಕೃಷ್ಣರಾಜಪುರದ ಕಡೆಗೆ ನಡೆಯಬೇಕಿತ್ತು. ಮದ್ರಾಸ್ ರೈಲ್ವೆ ಕಂಪೆನಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ಹಾಕಿದ ಹಳಿ ಅಲ್ಲಿ ಹಾದುಹೋಗಿದೆ. ಸಂಚಾರ ಆರಂಭವಾದದ್ದು 1864ರಲ್ಲಿ. ಉಗಿಬಂಡಿಗೆ ಬೇಕಾದ ಸೌದೆ, ಕಲ್ಲಿದ್ದಲನ್ನು ಎಲ್ಲಿಂದಲಾದರೂ ತಂದು ರಾಶಿ ಹಾಕಬಹುದು. ನೀರು ಮಾತ್ರ ದಾರಿಯುದ್ದಕ್ಕೂ ಸಿಗುತ್ತಿರಬೇಕು. ನದಿಯಿಲ್ಲದ ಈ ಬಯಲುಸೀಮೆಯಲ್ಲಿ ನೀರೆಂದರೆ ಕೆರೆ, ಇಲ್ಲವೇ ಕೆರೆಯಿಂದ ಒಸರು ಪಡೆದ ಬಾವಿ.

ಉಗಿ ಇಂಜಿನ್ನಿನ ದಾಹ ಸಣ್ಣದಲ್ಲ. ಅದು ಸುಡುವ ಇದ್ದಲಿನ ತೂಕದ ಆರೇಳು ಪಟ್ಟು ನೀರನ್ನು ಆವಿ ಮಾಡುತ್ತದೆ. ಆ ಆವಿ ಸಿಲಿಂಡರಿನ ಕೊಂತವನ್ನು ತಳ್ಳಿದ ಮೇಲೆ ಹೊಗೆಯೊಂದಿಗೆ ಚಿಮಣಿಯಿಂದ ಹೊರಗೆ ಹೋಗಿಬಿಡುತ್ತದೆ. ಮಕ್ಕಳು ಅನುಕರಿಸುತ್ತಿದ್ದ 'ಛುಕ್ ಛುಕ್' ಅದರದೇ ಸದ್ದು. ಹೋದ ನೀರು ಹೋಯಿತು, ಮತ್ತೆ ತುಂಬಿಸಲೇಬೇಕು. ಸ್ವಾತಂತ್ರ್ಯಾನಂತರ ಬಂದ ಡಬ್ಲ್ಯುಜಿ ಮಾದರಿಯ ಇಂಜಿನ್ನಿನ ಹಿಂದಿನ ತೊಟ್ಟಿಯೊಂದೇ ಸುಮಾರು 5,000 ಗ್ಯಾಲನ್, ಎಂದರೆ 22,000 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತಿತ್ತು. ಮೊದಲಿನ ಇಂಜಿನ್ನುಗಳು ಚಿಕ್ಕವು; ಆದರೆ ತೊಟ್ಟಿಯೂ ಚಿಕ್ಕದಾದ್ದರಿಂದ ಅವು ಮತ್ತೆ ಮತ್ತೆ ನಿಲ್ಲಬೇಕಿತ್ತು. ಸಾಲದ್ದಕ್ಕೆ ಜೋಲಾರಪೇಟೆಯಿಂದ ಬೆಂಗಳೂರಿಗೆ ಬರುವುದೆಂದರೆ ಏರುದಾರಿ. ಏರಿನಲ್ಲಿ ಎಳೆತ ಹೆಚ್ಚು, ಉಗಿ ಹೆಚ್ಚು, ನೀರೂ ಹೆಚ್ಚು.

ನೀರು ತುಂಬುವ ಏರ್ಪಾಟು ಸರಳವಾಗಿತ್ತು. ಕೆರೆಯಿಂದಲೋ ಬಾವಿಯಿಂದಲೋ ಪಂಪಿನಲ್ಲಿ ಎತ್ತಿದ ನೀರು ಎತ್ತರದ ಕಟ್ಟಡದ ಮೇಲಿನ ಕಬ್ಬಿಣದ ತೊಟ್ಟಿಗೆ. ಅಲ್ಲಿಂದ ಕೊಳವೆಯಲ್ಲಿ ಪ್ಲಾಟ್‌ಫಾರಂ ಕೊನೆಯ ನೀರಿನ ಕಂಬಕ್ಕೆ. ಆನೆಯ ಸೊಂಡಿಲಿನಂಥ ಅದರ ತೋಳನ್ನು ಇಂಜಿನ್ನಿನ ಕಡೆಗೆ ತಿರುಗಿಸಿ ನೀರು ಬಿಡುತ್ತಿದ್ದರು. ಪ್ರಯಾಣಿಕರಿಗೆ ಅದು ಇಳಿದು ಕಾಲು ಚಾಚುವ ಹೊತ್ತು.

ಸಿಕ್ಕ ನೀರೆಲ್ಲ ಇಂಜಿನ್ನಿಗೆ ಆಗಿಬರುವುದಿಲ್ಲ. ಸ್ನಾನದ ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುವುದನ್ನು ಬಲ್ಲವರಿಗೆ ಇದು ತಿಳಿದದ್ದೇ. ಗಡಸು ನೀರಿನ ಸುಣ್ಣ ಬಾಯ್ಲರಿನ ಕೊಳವೆಗಳಿಗೆ ಅಂಟಿದರೆ ಶಾಖ ನೀರಿಗೆ ತಲುಪದು. ಇದ್ದಲು ದಂಡ, ಲೋಹಕ್ಕೂ ಕೇಡು. ಈ ಲೆಕ್ಕದಲ್ಲಿ ಮಳೆನೀರು ನಿಂತ ಕೆರೆ, ಆಳದ ಬಾವಿಗಿಂತ ಸಾಮಾನ್ಯವಾಗಿ ಮೇಲು. ಕೆಸರಿನ ಕಾಟವೇನೋ ಇತ್ತು. ಅದಕ್ಕೇ ಬಾಯ್ಲರನ್ನು ಆಗಾಗ್ಗೆ ಬರಿದು ಮಾಡಿ ತೊಳೆಯುತ್ತಿದ್ದರು.

ಆದರೆ ಆ ನೀರು ಯಾರದು? ರೈಲು ಬಂದ ಕಾಲಕ್ಕೆ ಇಲ್ಲಿ ವಾರಸುದಾರರಿಲ್ಲದ ಕೆರೆಯೇ ಇರಲಿಲ್ಲ. ಈ ನಾಡಿನಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿಯೇ ಬರೆದಿದ್ದಾನೆ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಮಾರತ್ತಹಳ್ಳಿ ಸುತ್ತಿನ ಹಳ್ಳಗಳೂ ಹೀಗೆಯೇ ಕೆರೆಯಿಂದ ಕೆರೆಗೆ ಹರಿದು ಬೆಳ್ಳಂದೂರು, ವರ್ತೂರುಗಳ ಸರಣಿಯನ್ನು ಸೇರಿ, ದಕ್ಷಿಣ ಪಿನಾಕಿನಿಯತ್ತ ಸಾಗುತ್ತವೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಅವನಿಗೆ ಕೂಲಿ ಕಣದಲ್ಲೇ ಕಾಳಿನ ರೂಪದಲ್ಲಿ. ಇಂಥ ಅಚ್ಚುಕಟ್ಟಿಗೆ ಇಂಜಿನ್ನು ಹೊಸ ಪಾಲುದಾರನಾಗಿ ಬಂತು. ಗದ್ದೆಗೆ ಹೋಲಿಸಿದರೆ ಅದು ಕುಡಿಯುವುದು ಕಡಿಮೆಯೇ. ಆದರೆ ಗದ್ದೆ ಒಂದು ಬೆಳೆ ಬಿಟ್ಟೀತು. ಇಂಜಿನ್ನಿಗೆ ಬೇಸಿಗೆಯಲ್ಲೂ ರಜೆಯಿಲ್ಲ.

1876–78ರ ಬರಗಾಲದಲ್ಲಿ ಈ ವಿಚಿತ್ರ ಎದ್ದು ಕಂಡಿರಬೇಕು. ಮೈಸೂರು ಸೀಮೆಗೆ ಆಗ ಇದ್ದದ್ದು ಇದೊಂದೇ ರೈಲುಮಾರ್ಗ. ಮದ್ರಾಸಿನ ಕಡೆಯಿಂದ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ, ಮುಂದೆ ಎತ್ತಿನ ಗಾಡಿಯಲ್ಲಿ. ಕೆರೆಗಳು ಬತ್ತಿದ್ದರಿಂದಲೇ ಬೇಕಾದ ಆ ಧಾನ್ಯವನ್ನು ಎಳೆದು ತರಲೂ ನೀರೇ ಬೇಕಿತ್ತು!

ಹಳಿ ಕೆರೆಯಿಂದ ನೀರು ಪಡೆದದ್ದಷ್ಟೇ ಅಲ್ಲ, ನೀರಿನ ದಾರಿಗೂ ಅಡ್ಡ ಬಂತು. ಬೆಂಗಳೂರು ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆ ಇದ್ದದ್ದು ನಗರ ನಿಲ್ದಾಣದ ಎದುರಿಗೇ. ಹಳಿಯ ದಿಬ್ಬ, ರಸ್ತೆ, ಬಡಾವಣೆಗಳ ನಡುವೆ ಸಿಕ್ಕಿ ಅದರ ಒಳಹರಿವು ಕುಗ್ಗಿತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಬಂದ ಮೇಲಂತೂ ಅದನ್ನು ಕೇಳುವವರಿಲ್ಲ. ಕೆರೆ ಮೈದಾನವಾಯಿತು, ಮುಂದೆ ಅಲ್ಲೇ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು.

1980ರ ದಶಕದಲ್ಲಿ ಕೃಷ್ಣರಾಜಪುರದಲ್ಲಿ ಡೀಸೆಲ್ ಇಂಜಿನ್ನುಗಳ ಷೆಡ್ ಆಯಿತು. ಡೀಸೆಲ್ ಇಂಜಿನ್ನಿಗೂ ನೀರು ಬೇಕು, ಆದರೆ ಮೈ ತಣಿಸಿಕೊಳ್ಳಲು ಮಾತ್ರ. ಅದೇ ನೀರು ಒಳಗೇ ಸುತ್ತುತ್ತಿರುತ್ತದೆ.