ಅಸೆಂಬಲ್ಡ್ ಕಂಪ್ಯೂಟರ್
ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಮುಂತಾದವನ್ನು ಕೆಲಸಕ್ಕೆ ತಕ್ಕಂತೆ ಬಿಡಿಯಾಗಿ ಕೊಂಡು ಜೋಡಿಸಿದ ಡೆಸ್ಕ್‌ಟಾಪ್. ಕ್ಯಾತ್ಸಂದ್ರ, ತುಮಕೂರಿನವರಿಗೆ ಹತ್ತಿರದ ದೊಡ್ಡ ಬಿಡಿಭಾಗಗಳ ಪೇಟೆಯೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಪ್ರೊಸೆಸರಿಗೂ ಬೋರ್ಡಿಗೂ ಸಾಕೆಟ್ ಹೊಂದಬೇಕು, ಬೋರ್ಡಿಗೆ ರ‍್ಯಾಮ್ ಹೊಂದಬೇಕು. 2022ರಲ್ಲಿ ಬಂದ ಎಎಂಡಿಯ ಎಎಂ5 ಸಾಕೆಟ್ ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಹಿಡಿಸುತ್ತದೆ. ಡಿಡಿಆರ್4 ಪಟ್ಟಿಯ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಸ್ಲಾಟಿನಲ್ಲಿ ಕೂರುವುದೇ ಇಲ್ಲ. 32 ಜಿಬಿ ಬೇಕಿದ್ದರೆ 16ರ ಎರಡು ಪಟ್ಟಿ ಹಾಕಬೇಕು, ಆಗ ಮೆಮೊರಿಯ ಎರಡೂ ಚಾನೆಲ್ ಕೆಲಸ ಮಾಡುತ್ತವೆ. ಗೇಮಿಂಗ್, ತ್ರೀಡಿ ಕೆಲಸಕ್ಕಾದರೆ ಹಣದ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೇ ಹೋಗಲಿ. ಪವರ್ ಸಪ್ಲೈಯಲ್ಲಿ ಮಾತ್ರ ಉಳಿತಾಯ ಸಲ್ಲದು: ಆರ್‌ಟಿಎಕ್ಸ್ 4070 ಕಾರ್ಡಿಗೆ ಎನ್‌ವಿಡಿಯಾ ಸೂಚಿಸುವುದು 650 ವ್ಯಾಟ್. ಅಗ್ಗದ ಸಪ್ಲೈ ಕೆಟ್ಟರೆ ಬೋರ್ಡನ್ನೂ ಸುಡಬಹುದು. ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿದ ಜಿಎಸ್‌ಟಿ ಬಿಲ್ಲು ಪಡೆಯಿರಿ. ವಾರಂಟಿ ಕೇಳಲು ಅದು ಬೇಕು.