ಸ್ಕಾಟ್ಲೆಂಡಿನ ಸಂಸತ್ತು ಲೆಕ್ಕ ಕೇಳುವ ಬಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ಮೊದಲು ಹಿಂಜರಿದೆ. ನಾನು 2006ರ ಎಸ್.ಎಸ್.ಎಲ್.ಸಿ. ತಂಡದವನು. ಓದಿದ್ದು ಬಿ.ಇ., ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಬಹಳ ಮಂದಿ ಇದ್ದಾರೆ. ಆದರೆ ಒಂದು ಮಾತು ಮಾತ್ರ ಮರೆತಿಲ್ಲ. ಸಮಾಜ ವಿಜ್ಞಾನದ ಮೇಷ್ಟ್ರು ಪೌರನೀತಿಯ ಪಾಠದಲ್ಲಿ "ಶಾಸಕಾಂಗದ ಕೆಲಸ ಏನ್ರೋ?" ಎಂದು ಕೇಳುತ್ತಿದ್ದರು. "ಕಾನೂನು ಮಾಡೋದು ಸಾರ್" ಎಂದು ಇಡೀ ತರಗತಿ ಕೂಗುತ್ತಿತ್ತು. "ಅರ್ಧ ಮಾರ್ಕು" ಎನ್ನುತ್ತಿದ್ದರು. ಉಳಿದ ಅರ್ಧ, ಸರ್ಕಾರದಿಂದ ಲೆಕ್ಕ ಕೇಳುವುದು. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದ್ದೆ. ಕಣ್ಣಾರೆ ಕಂಡದ್ದು ಬಹಳ ವರ್ಷಗಳ ನಂತರ, 2018ರಲ್ಲಿ ಕಂಪನಿ ಕೆಲಸದ ಮೇಲೆ ಒಂದೂವರೆ ವರ್ಷ ಎಡಿನ್‌ಬರೋದಲ್ಲಿ ಇದ್ದಾಗ.

ಸ್ಕಾಟ್ಲೆಂಡ್ 1707ರವರೆಗೆ ತನ್ನದೇ ಸಂಸತ್ತು ಇದ್ದ ದೇಶ. ಆ ವರ್ಷ ಇಂಗ್ಲೆಂಡಿನೊಡನೆ ಒಂದಾಗಿ, ಅಲ್ಲಿಂದ ಮುಂದೆ ಲಂಡನ್ನಿನ ಸಂಸತ್ತೇ ಎಲ್ಲವನ್ನೂ ತೀರ್ಮಾನಿಸತೊಡಗಿತು. 1979ರಲ್ಲಿ ಸ್ವಂತ ಶಾಸನಸಭೆ ಬೇಕೇ ಎಂದು ಜನಮತ ಕೇಳಿದರು. ಮತ ಹಾಕಿದವರಲ್ಲಿ ಶೇ. 51.6ರಷ್ಟು ಜನ ಬೇಕೆಂದರು. ಆದರೂ ಸಿಗಲಿಲ್ಲ. ಒಟ್ಟು ಮತದಾರರಲ್ಲಿ ಶೇ. 40ರಷ್ಟು ಜನ ಒಪ್ಪಿರಬೇಕು ಎಂಬ ನಿಬಂಧನೆ ಇತ್ತು, ಅಷ್ಟು ಮಂದಿ ಮತಗಟ್ಟೆಗೇ ಬಂದು ಹೌದು ಎಂದಿರಲಿಲ್ಲ. ಮತ್ತೆ ಕೇಳಿದ್ದು 1997ರ ಸೆಪ್ಟೆಂಬರ್ 11ರಂದು. ಈ ಸಲ ಶೇ. 74.3ರಷ್ಟು ಜನ ಒಪ್ಪಿದರು. 1999ರ ಮೇ 12ರಂದು ಹೊಸ ಸಂಸತ್ತು ಮೊದಲ ಬಾರಿ ಸೇರಿದಾಗ, ಹಿರಿಯ ಸದಸ್ಯೆ ವಿನ್ನಿ ಯೂಯಿಂಗ್ ಅವರು 1707ರ ಮಾರ್ಚ್ 25ರಂದು ಮುಂದೂಡಿದ ಸಭೆ ಈಗ ಮತ್ತೆ ಸೇರಿದೆ ಎಂದರು. 292 ವರ್ಷದ ಮುಂದೂಡಿಕೆ!

ಶಿಕ್ಷಣ, ಆರೋಗ್ಯ, ಪೊಲೀಸು, ಸ್ಥಳೀಯ ಆಡಳಿತ ಈ ಸಂಸತ್ತಿನ ಪಾಲು. ರಕ್ಷಣೆ, ವಿದೇಶ ವ್ಯವಹಾರ ಲಂಡನ್ನಿನವು. ಒಟ್ಟು 129 ಸದಸ್ಯರು, ಸದನ ಒಂದೇ. ನಮ್ಮ ಕರ್ನಾಟಕದಲ್ಲಿ ವಿಧಾನಸಭೆ ಮಾಡಿದ್ದನ್ನು ಇನ್ನೊಮ್ಮೆ ನೋಡಲು ವಿಧಾನ ಪರಿಷತ್ತು ಇದೆ, ಅಲ್ಲಿ ಅಂಥದ್ದಿಲ್ಲ. ಆದ್ದರಿಂದ ಆ ಕೆಲಸದ ಭಾರವನ್ನೆಲ್ಲ ಸಮಿತಿಗಳ ಮೇಲೆ ಹೊರಿಸಿದರು. ಆರೋಗ್ಯಕ್ಕೊಂದು, ಶಿಕ್ಷಣಕ್ಕೊಂದು, ಹಣಕಾಸಿಗೊಂದು ಹೀಗೆ. ಇವು ಮಸೂದೆಯನ್ನೂ ಪರಿಶೀಲಿಸುತ್ತವೆ, ಮಸೂದೆ ಕಾಯ್ದೆಯಾದ ಮೇಲೆ ಅದರ ಗತಿ ಏನಾಯಿತೆಂದೂ ವಿಚಾರಿಸುತ್ತವೆ. ಬಜೆಟ್ ಮಂಡನೆಯಾಗುವುದಕ್ಕೆ ತಿಂಗಳುಗಳ ಮೊದಲೇ, ನಿಮ್ಮ ಇಲಾಖೆಗೆ ಹೋದ ವರ್ಷ ಕೊಟ್ಟ ಹಣದಿಂದ ಏನು ಬದಲಾಯಿತು ಎಂದು ಕೇಳಲು ಶುರುಮಾಡುತ್ತವೆ. ಲೆಕ್ಕಪತ್ರ ಸಮಿತಿಯ ಅಧ್ಯಕ್ಷರು ಆಳುವ ಪಕ್ಷದವರಾಗಿರಕೂಡದು ಎಂದು ಸಂಸತ್ತಿನ ನಿಯಮದಲ್ಲೇ ಬರೆದಿದೆ. ನಮ್ಮ ಲೋಕಸಭೆಯಲ್ಲೂ 1967ರಿಂದ ವಿರೋಧ ಪಕ್ಷದವರೇ ಆ ಸ್ಥಾನದಲ್ಲಿ ಕೂರುತ್ತಾರೆ, ಆದರೆ ಅದು ವಾಡಿಕೆ. ಈ ಸಮಿತಿಯ ಬಲಗೈ ಎಂದರೆ ಆಡಿಟರ್ ಜನರಲ್. ಅವರ ಹೆಸರನ್ನು ಸೂಚಿಸುವುದು ಸಂಸತ್ತು. ತೆಗೆಯಬೇಕಾದರೆ ಸಂಸತ್ತಿನ ಮೂರನೇ ಎರಡರಷ್ಟು ಮತ ಬೇಕು. ಯಾವ ಮಂತ್ರಿಯೂ ಅವರಿಗೆ ಇದನ್ನು ನೋಡು, ಇದನ್ನು ಬಿಡು ಎನ್ನುವಂತಿಲ್ಲ.

ಲೆಕ್ಕ ಕೇಳುವ ಮೊದಲ ಪ್ರಸಂಗ ಬಂದದ್ದು ಬೇರೆಲ್ಲಿಂದಲೂ ಅಲ್ಲ, ಸಂಸತ್ತಿನ ಸ್ವಂತ ಕಟ್ಟಡದಿಂದ. 1997ರ ಶ್ವೇತಪತ್ರದಲ್ಲಿ ಅದಕ್ಕೆ 1 ಕೋಟಿಯಿಂದ 4 ಕೋಟಿ ಪೌಂಡ್ ಆಗಬಹುದು ಎಂದಿದ್ದರು. ಹಾಲಿರೂಡ್ ಎಂಬಲ್ಲಿ ಕೆಲಸ ಶುರುವಾಯಿತು. ವಿನ್ಯಾಸ ಮಾಡಿದ ಎನ್ರಿಕ್ ಮಿರಾಯೆಸ್ 2000ರ ಜುಲೈನಲ್ಲಿ ತೀರಿಕೊಂಡರು. ಅದನ್ನು ಕಟ್ಟಿಸಹೊರಟಿದ್ದ ಮೊದಲ ಫಸ್ಟ್ ಮಿನಿಸ್ಟರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ, ಡೊನಾಲ್ಡ್ ಡ್ಯೂವರ್ ಅದೇ ಅಕ್ಟೋಬರಿನಲ್ಲಿ ಹೋದರು. ಖರ್ಚು ಏರುತ್ತಲೇ ಹೋಯಿತು. 2004ರಲ್ಲಿ ಕಟ್ಟಡ ಮುಗಿದಾಗ ಸುಮಾರು 41.4 ಕೋಟಿ ಪೌಂಡ್ ಆಗಿತ್ತು. ಆಡಿಟರ್ ಜನರಲ್ ಎರಡು ವರದಿ ಕೊಟ್ಟರು, ಲಾರ್ಡ್ ಫ್ರೇಸರ್ ಅವರ ವಿಚಾರಣೆಯೂ ನಡೆಯಿತು. ತಿಳಿದುಬಂದದ್ದು ಇಷ್ಟು: ಆರಿಸಿಕೊಂಡ ಗುತ್ತಿಗೆಯ ವಿಧಾನದಲ್ಲಿ ಖರ್ಚು ಹೆಚ್ಚಾದರೆ ನಷ್ಟ ಗುತ್ತಿಗೆದಾರನದ್ದಲ್ಲ, ಕಟ್ಟಿಸುವವನದ್ದು. ಈ ಅಪಾಯವನ್ನು ಅಧಿಕಾರಿಗಳು ಮಂತ್ರಿಗಳಿಗೆ ಸರಿಯಾಗಿ ತಿಳಿಸಿರಲೇ ಇಲ್ಲ. ಇಡೀ ನಾಡು ನಕ್ಕಿತು, ಸಿಟ್ಟಾಯಿತು. ನಾನು ನೋಡಿದಾಗ ಆ ಕಟ್ಟಡ ಬಹಳ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು.

ಅದರಿಂದ ಪಾಠ ಕಲಿತರೇ? ಪೂರ್ತಿ ಇಲ್ಲ. 2015ರಲ್ಲಿ ದ್ವೀಪಗಳಿಗೆ ಜನರನ್ನು ಸಾಗಿಸುವ ಎರಡು ಹಡಗುಗಳಿಗೆ 9.7 ಕೋಟಿ ಪೌಂಡಿನ ಗುತ್ತಿಗೆ ಕೊಟ್ಟರು. 2018ರಲ್ಲಿ ಅವು ನೀರಿನಲ್ಲಿ ಓಡಬೇಕಿತ್ತು. 2017ರಲ್ಲಿ ಮೊದಲ ಹಡಗನ್ನು ನೀರಿಗಿಳಿಸುವ ಸಮಾರಂಭದಲ್ಲಿ ಅದರ ಕಿಟಕಿಗಳು ಬರೀ ಬಳಿದ ಬಣ್ಣವಾಗಿದ್ದವು! ಆ ಹಡಗು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2025ರ ಜನವರಿಯಲ್ಲಿ. ಹಣ ವಾಪಸ್ ಸಿಗುವ ಪೂರ್ತಿ ಖಾತರಿಯಿಲ್ಲದೆ ಈ ಗುತ್ತಿಗೆಗೆ ಮಂತ್ರಿಗಳು ಏಕೆ ಒಪ್ಪಿದರು ಎಂಬುದಕ್ಕೆ ಸಾಕಷ್ಟು ದಾಖಲೆಯೇ ಇಲ್ಲ ಎಂದು ಆಡಿಟರ್ ಜನರಲ್ 2022ರಲ್ಲಿ ಬರೆದರು. ನಮ್ಮ ಉದ್ಯೋಗದಲ್ಲಿ ಒಂದು ಸಾಲು ಕೋಡ್ ಬದಲಿಸಿದರೂ ಯಾರು, ಯಾವಾಗ, ಏಕೆ ಎಂದು ಬರೆದಿಡುತ್ತೇವೆ. ಇಡದಿದ್ದರೆ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ.

ಕಟ್ಟಡ, ಹಡಗುಗಳಿಗಿಂತ ನನ್ನ ಮನಸ್ಸಿಗೆ ನಾಟಿದ್ದು ಮುದುಕರ ಆರೈಕೆಯ ಕಥೆ. ಅದಕ್ಕೆ ಕಾರಣವಿದೆ. ನಮ್ಮ ಅಜ್ಜಿ ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಸ್ನಾನ, ಊಟ, ಬಟ್ಟೆ ಬದಲಿಸುವುದು ಎಲ್ಲವನ್ನೂ ಅಮ್ಮ ಒಬ್ಬಳೇ ಮಾಡಿದಳು. ಅದಕ್ಕಾಗಿ ಕೂಲಿಗೆ ಹೋಗುವುದನ್ನು ಬಿಟ್ಟಳು. ನಾನು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಅಜ್ಜಿಯ ಕಾಲ ಬಳಿ ಕೂತು ಹೋಗುತ್ತಿದ್ದೆ, ಅಷ್ಟೆ.

ಇಂಥ ಆರೈಕೆಯ ಖರ್ಚನ್ನು ಸರ್ಕಾರವೇ ಹೊರಬೇಕೆಂದು ಲಾರ್ಡ್ ಸದರ್‌ಲೆಂಡ್ ಅಧ್ಯಕ್ಷತೆಯ ಆಯೋಗವೊಂದು 1999ರಲ್ಲಿ ಹೇಳಿತು. ಲಂಡನ್ ಸರ್ಕಾರ ಒಪ್ಪಲಿಲ್ಲ. ಸ್ಕಾಟ್ಲೆಂಡಿನ ಸರ್ಕಾರವೂ ಮೊದಮೊದಲು ಹಿಂದೆಮುಂದೆ ನೋಡಿತು. ಸಂಸತ್ತಿನ ಆರೋಗ್ಯ ಸಮಿತಿ ವಿಚಾರಣೆ ನಡೆಸಿ, ಕೊಡಲೇಬೇಕೆಂದು ಶಿಫಾರಸು ಮಾಡಿತು. 2001ರ ಜನವರಿಯಲ್ಲಿ ಸದನದಲ್ಲಿ ಸೋಲುವ ಸ್ಥಿತಿ ಬಂದಾಗ ಸರ್ಕಾರ ಮಣಿಯಿತು. 2002ರ ಜುಲೈ 1ರಿಂದ 65 ದಾಟಿದವರಿಗೆ ಸ್ನಾನ, ಉಡುಪು, ಊಟಕ್ಕೆ ನೆರವು ಉಚಿತವಾಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸಮಿತಿ ಮಾತ್ರ ಕಡತ ಮುಚ್ಚಲಿಲ್ಲ. 2006ರಲ್ಲಿ ಮತ್ತೆ ಸಾಕ್ಷಿಗಳನ್ನು ಕರೆಸಿತು. ಕೆಲವು ಸ್ಥಳೀಯ ಕೌನ್ಸಿಲ್‌ಗಳು ಅರ್ಹರನ್ನು ಕಾಯುವ ಪಟ್ಟಿಯಲ್ಲಿ ಇಟ್ಟಿದ್ದವು. ಅಡುಗೆ ಮಾಡಿಕೊಡುವುದು ಆರೈಕೆಯಲ್ಲಿ ಸೇರುತ್ತದೋ ಇಲ್ಲವೋ ಎಂದು ಒಂದೊಂದು ಕೌನ್ಸಿಲ್ ಒಂದೊಂದು ಅರ್ಥ ಮಾಡಿತ್ತು. ಒಂದೂರಿನ ಮುದುಕಿಗೆ ಉಚಿತ, ಪಕ್ಕದೂರಿನ ಮುದುಕಿಗೆ ಬಿಲ್ಲು. 2008ರಲ್ಲಿ ಲೆಕ್ಕ ಪರಿಶೋಧಕರ ವರದಿಯೂ ಬಂತು, ಲಾರ್ಡ್ ಸದರ್‌ಲೆಂಡ್ ಅವರೇ ಮರುಪರಿಶೀಲಿಸಿ ವರ್ಷಕ್ಕೆ 4 ಕೋಟಿ ಪೌಂಡ್ ಕೊರತೆ ಇದೆ ಎಂದರು. ಸರ್ಕಾರ ಆ ಹಣ ಕೊಟ್ಟಿತು, ಅಡುಗೆಯ ಗೊಂದಲವನ್ನೂ ಬಗೆಹರಿಸಿತು.

ಆದರೂ 65 ಎಂಬ ಗೆರೆ ಉಳಿದಿತ್ತು. ಡಂಡೀ ಯುನೈಟೆಡ್ ತಂಡದ ಫುಟ್‌ಬಾಲ್ ಆಟಗಾರ ಫ್ರಾಂಕ್ ಕೊಪೆಲ್ ಅವರಿಗೆ 59ನೇ ವಯಸ್ಸಿಗೇ ಮರೆವಿನ ಕಾಯಿಲೆ ಬಂತು. ವಯಸ್ಸು ಸಾಲದೆಂದು ಆರೈಕೆಗೆ ಅವರು ಹಣ ತೆರಬೇಕಾಯಿತು. 2014ರಲ್ಲಿ 65 ತುಂಬಿ 19 ದಿನಕ್ಕೆ ತೀರಿಕೊಂಡರು. ಆ ಸಂಸತ್ತಿಗೆ ಯಾರು ಬೇಕಾದರೂ ಅರ್ಜಿ ಕೊಡಬಹುದು, ಒಂದೇ ಸಹಿ ಸಾಕು. ಪತ್ನಿ ಅಮಂಡಾ ಕೊಪೆಲ್ ಹಾಗೆ ಅರ್ಜಿ ಕೊಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿದರು. 2019ರ ಏಪ್ರಿಲ್ 1ರಿಂದ ವಯಸ್ಸಿನ ಗೆರೆ ಹೋಯಿತು. ಜನ ಅದನ್ನು ಫ್ರಾಂಕನ ಕಾನೂನು ಎಂದೇ ಕರೆಯುತ್ತಾರೆ.

ಆಗ ನಾನು ಅಲ್ಲೇ ಇದ್ದೆ. ಪತ್ರಿಕೆಯಲ್ಲಿ ಓದಿ, ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನನ್ನ ಮಾತು ಮುಗಿಯುವವರೆಗೆ ಕೇಳಿಸಿಕೊಂಡಳು. ಆಮೇಲೆ, "ಸ್ನಾನ ಮಾಡಿಸೋಕೆ ಮನೆಗೆ ಬರ್ತಾಳಲ್ಲ ಆ ಹೆಂಗಸು, ಅವಳಿಗೆ ಎಷ್ಟು ಕೊಡ್ತಾರಪ್ಪ?" ಎಂದಳು. ನನಗೆ ಗೊತ್ತಿರಲಿಲ್ಲ. ಆರೈಕೆ ಮಾಡುವವರಿಗೆ ಸಂಬಳ ಸಾಲದು, ಅದಕ್ಕೇ ಕೆಲಸಕ್ಕೆ ಜನ ನಿಲ್ಲುತ್ತಿಲ್ಲ ಎಂದು ಅಲ್ಲಿನ ಲೆಕ್ಕ ಪರಿಶೋಧಕರು 2022ರಲ್ಲಿ ಸಂಸತ್ತಿನ ಮುಂದಿಟ್ಟರು. ಊರಿಗೆ ಬಂದಾಗ ಅಮ್ಮನಿಗೆ ಹೇಳಿದೆ. "ನಾನು ಅವತ್ತೇ ಕೇಳ್ಲಿಲ್ವ?" ಎಂದು ಒಲೆಯ ಕಡೆ ತಿರುಗಿದಳು.